ಗೋಮಾಳದಲ್ಲಿ ಕಟ್ಟಿದ ಹೊನ್ನಾರು

ನಮ್ಮೂರಿನ ಹಾಲಿನ ಡೈರಿಯಲ್ಲಿ ನಾನು ಕೆಲಸಕ್ಕಿದ್ದ ವರ್ಷಗಳಲ್ಲಿ, ನನ್ನ ಜೊತೆ ಜಗಳವಾಡದೆ ಹಾಲು ಹಾಕಿ ಹೋಗಲಾರದವಳು ಎಂದರೆ ನನ್ನ ಸೋದರತ್ತೆ. ಹಾಲಿಗೆ ನಾನು ಲ್ಯಾಕ್ಟೋಮೀಟರ್ ಬಿಟ್ಟ ಕೂಡಲೇ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದಳು.

“ಏನಂತೈತವ್ವ ನಿನ್ನ ಗಾಜಿನ ಕಡ್ಡಿ? ನನ್ನ ಹಸ ನೀರು ಕುಡ್ದು ನೀರೇ ಕರೀತೈತಂತಾ?”

ಹಾಲಿಗೆ ಸರಿಯಾದ ಡಿಗ್ರಿ ಬಂದಿದೆ ಎಂದು ಹೇಳಿದರೂ ಬಿಡುತ್ತಿರಲಿಲ್ಲ. “ಬರ್ದೆ ಏನಾಯ್ತದೆ? ಗೋಮಾಳದಾಗೆ ಮೇಯ್ದಿರೋ ಹಸ ಕಣೇ ಅದು. ನಿನ್ನಂಗೆ ಬೇಕರಿ ಬಿಸ್ಕತ್ತು ತಿಂದು ಬೆಳೆದಿಲ್ಲ,” ಎನ್ನುತ್ತಿದ್ದಳು. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ನನ್ನದೂ ಅಂಥ ಒಳ್ಳೆಯ ಬಾಯಿಯೇನಲ್ಲ, ನಾನೂ ಒಂದಕ್ಕೆರಡು ಅಂದು ಕಳಿಸುತ್ತಿದ್ದೆ. ಹೀಗೆ ಇಬ್ಬರೂ ಕೂಗಾಡಿದ ಮೇಲೆಯೇ ಊರಿಗೆ ಬೆಳಗಾಗುತ್ತಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಮಾಗಡಿ ಕಡೆಗೆ ಹೋದವಳು, ಗಂಡ ತೀರಿಕೊಂಡ ಮೇಲೆ ಚಿಕ್ಕ ವಯಸ್ಸಿನಲ್ಲೇ ತವರಿಗೆ ವಾಪಸು ಬಂದಳು. ಮಕ್ಕಳಿರಲಿಲ್ಲ. ಆಗ ಅಪ್ಪ ಇನ್ನೂ ಚಡ್ಡಿ ಹಾಕಿಕೊಳ್ಳುವ ವಯಸ್ಸಿನವನಂತೆ. ಅಜ್ಜಿ ಕಾಯಿಲೆ ಬಿದ್ದು ಹೋದದ್ದೂ ಅದೇ ಸುಮಾರಿಗೆ. ಅವನಿಗೆ ಸ್ನಾನ ಮಾಡಿಸಿದವಳು, ಮುದ್ದೆ ನುಂಗಲು ಕಲಿಸಿದವಳು, ಕೊನೆಗೆ ಅವನಿಗೆ ಹೆಣ್ಣು ನೋಡಿ ನನ್ನ ಅವ್ವನನ್ನು ತಂದವಳು ಎಲ್ಲಾ ಇವಳೇ. ಅಜ್ಜ ಸಾಯುವಾಗ ಇದ್ದ ಹೊಲವೆಲ್ಲ ಅಪ್ಪನ ಹೆಸರಿಗಾಯಿತು. ಅತ್ತೆಯ ಹೆಸರಿಗೆ ಒಂದು ಗುಂಟೆಯೂ ಬರಲಿಲ್ಲ. ಕೊಡಬೇಕೆಂದು ಯಾರಿಗೂ ತೋಚಲಿಲ್ಲ, ಕೇಳಬೇಕೆಂದು ಅವಳಿಗೂ ತೋಚಲಿಲ್ಲ. ಅವಳಿಗಿದ್ದದ್ದು ಹಸುಗಳು. ಹಸುಗಳಿಗಿದ್ದದ್ದು ಗೋಮಾಳ.

ಬಿಡದಿಯಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಊರಿನ ಪಡುವಲಿಗೆ ಗೋಮಾಳ. ಕೆಂಪು ಮಣ್ಣು, ಅಲ್ಲಲ್ಲಿ ಎದ್ದ ಬಂಡೆ, ತಂಗಡಿ ಗಿಡ, ಎಲಚಿ ಮುಳ್ಳು, ಮಳೆಗಾಲದಲ್ಲಿ ತುಂಬಿ ಯುಗಾದಿ ಹೊತ್ತಿಗೆ ಒಣಗುವ ಒಂದು ಕಟ್ಟೆ. ನೋಡುವುದಕ್ಕೆ ಅಂಥ ಚಂದವೇನೂ ಇರಲಿಲ್ಲ. ಬೆಂಗಳೂರಿನ ನೆಂಟರು ಬಂದರೆ ಸಾವನದುರ್ಗ ನೋಡಿಕೊಂಡು ಹೋಗುತ್ತಿದ್ದರೇ ಹೊರತು ಗೋಮಾಳದ ಕಡೆಗೆ ಯಾರೂ ತಲೆ ಹಾಕುತ್ತಿರಲಿಲ್ಲ. ಆದರೆ ಊರಿನ ದನಗಳೆಲ್ಲ ಅಲ್ಲೇ ಮೇಯುತ್ತಿದ್ದವು. ರಾಗಿ ಬಡಿಯುವುದು ಅಲ್ಲಿ, ಹುಡುಗರ ಕ್ರಿಕೆಟ್ಟು ಅಲ್ಲಿ, ಸತ್ತವರನ್ನು ಒಯ್ಯುವುದೂ ಅದರ ಅಂಚಿನ ಹಾದಿಯಲ್ಲೇ. ನಡುವೆ ಒಂದು ಚಪ್ಪಟೆ ಬಂಡೆ ಇತ್ತು. ಅತ್ತೆ ತಿಂಡಿ ತಿಂದು, ಹಸುಗಳನ್ನು ಹೊಡೆದುಕೊಂಡು ಹೋಗಿ, ಅದರ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿ ಕೂತರೆ ಸಂಜೆ ಹಾಲು ಕರೆಯುವ ಹೊತ್ತಿಗೇ ಏಳುತ್ತಿದ್ದದ್ದು. ಯಾರ ಸೊಸೆ ಯಾವ ಬಸ್ಸಿಗೆ ಹೋದಳು, ಯಾರ ಮನೆಗೆ ಹೆಣ್ಣು ನೋಡುವವರು ಬಂದರು, ಎಲ್ಲ ಆ ಬಂಡೆಯ ಮೇಲಿಂದ ಅವಳಿಗೆ ಕಾಣುತ್ತಿತ್ತು. ಕಾಣದ್ದನ್ನು ಅವಳೇ ಸೇರಿಸಿಕೊಳ್ಳುತ್ತಿದ್ದಳು.

ಬಿಡದಿಯಲ್ಲಿ ಕಾರು ಫ್ಯಾಕ್ಟರಿ ಬಂದು ಕೆಲವು ವರ್ಷ ಕಳೆದಿತ್ತು. ಅದರ ಹಿಂದೆ ಬಿಡಿ ಭಾಗ ಮಾಡುವವರು, ಅವರ ಹಿಂದೆ ಸಾಮಾನು ತುಂಬುವವರು, ಲಾರಿ ನಿಲ್ಲಿಸುವವರು ಬರುತ್ತಲೇ ಇದ್ದರು. ಒಂದೊಂದೇ ಊರಿನ ಹೊಲದಲ್ಲಿ ತಗಡಿನ ಮಾಡು ಏಳುತ್ತಿತ್ತು. ನಮ್ಮೂರು ಒಳಗಿದೆಯಲ್ಲ, ಇಲ್ಲಿಗ್ಯಾರು ಬರುತ್ತಾರೆ ಎಂದುಕೊಂಡಿದ್ದೆವು. ಒಂದು ದಿನ ಸರ್ವೆಯವರು ಬಂದು ಗೋಮಾಳದ ನಾಲ್ಕು ಮೂಲೆಗೂ ಕಲ್ಲು ನೆಟ್ಟು ಸುಣ್ಣ ಬಳಿದು ಹೋದರು. ಯಾವುದೋ ಕಂಪನಿಯ ಗೋಡೌನಿಗೆ ಜಾಗ ಕೊಡುತ್ತಾರಂತೆ ಎಂಬ ಸುದ್ದಿ ಹಾಲಿನ ವ್ಯಾನಿನ ಡ್ರೈವರಿನಿಂದ ನಮಗೆ ತಿಳಿಯಿತು. ನಮ್ಮ ಊರಿನ ನೆಲದ ಸುದ್ದಿ ನಮಗೆ ತಿಳಿದದ್ದು ಹೊರಗಿನವನ ಬಾಯಿಂದ.

ನಮ್ಮೂರಿನವರು ಒಗ್ಗಟ್ಟಾಗಿದ್ದನ್ನು ನಾನು ನೋಡಿದ್ದು ಆಗಲೇ ಮೊದಲು, ಆಗಲೇ ಕೊನೆ. ಸಂಜೆಯ ಹಾಲು ಹಾಕಿದವರು ಕ್ಯಾನು ಹಿಡಿದು ಮನೆಗೆ ಹೋಗದೆ ಡೈರಿಯ ಜಗಲಿಯಲ್ಲೇ ಕೂರತೊಡಗಿದರು. ಬೇಲಿ ಜಗಳದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಬೆಂಚಿನ ಮೇಲೆ ಕೂತರು. ಗೋಮಾಳ ಹೋದರೆ ದನ ಇಲ್ಲ, ದನ ಇಲ್ಲದಿದ್ದರೆ ಗೊಬ್ಬರ ಇಲ್ಲ, ಹಾಲಿಲ್ಲ ಎನ್ನುವುದನ್ನು ಅಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅರ್ಜಿ ಬರೆದವಳು ನಾನೇ, ಊರಲ್ಲಿ ಪಿಯುಸಿ ಓದಿದ್ದ ಹೆಂಗಸು ನಾನೊಬ್ಬಳೇ ಆದ್ದರಿಂದ. ಅತ್ತೆ ನನ್ನ ಭುಜದ ಮೇಲಿಂದ ಇಣುಕಿ, ಓದಲು ಬಾರದಿದ್ದರೂ, “ಒಸಿ ಗಟ್ಟಿಯಾಗಿ ಬರಿ ಮಗಾ, ಅವರಿಗೆ ಕೇಳಿಸ್ಬೇಕು,” ಎಂದಳು.

ಎರಡು ಟ್ರಾಕ್ಟರ್ ತುಂಬ ಜನ ರಾಮನಗರದ ತಾಲ್ಲೂಕು ಆಫೀಸಿಗೆ ಹೋದೆವು. ಸಾಹೇಬರು ಕೆಟ್ಟವರಾಗಿರಲಿಲ್ಲ. ಒಳಗೆ ಕರೆಸಿದರು, ಮುದುಕರಿಗೆ ಕುರ್ಚಿ ಹಾಕಿಸಿದರು. ಅರ್ಜಿ ಓದಿ, ಮೇಜಿನ ಮೇಲಿಟ್ಟು, “ನೋಡಿ, ಜಾಗ ಖಾಲಿ ಬಿದ್ದಿದೆ. ಬೆಳೆ ಇಲ್ಲ, ತೋಟ ಇಲ್ಲ. ಖಾಲಿ ಜಾಗ ಕೊಡಬೇಡಿ ಅಂದ್ರೆ ಮೇಲಿನವರಿಗೆ ನಾನು ಏನಂತ ಹೇಳಲಿ?” ಎಂದರು.

ಖಾಲಿ ಎನ್ನುವ ಮಾತು ಆ ನೆಲಕ್ಕೆ ಸಲ್ಲುತ್ತದೆ ಎಂದು ಅಲ್ಲಿಯ ತನಕ ನಮಗೆ ಗೊತ್ತೇ ಇರಲಿಲ್ಲ. ಅತ್ತೆ ಮಾತ್ರ ಬಾಗಿಲ ಹತ್ತಿರದಿಂದ, “ಸ್ವಾಮಿ, ನಮ್ಮ ಹಸ ಅಲ್ಲೇ ಅವೆ,” ಎಂದಳು. ಸಾಹೇಬರು ತಲೆಯಾಡಿಸಿದರು, ಅಷ್ಟೇ.

ಹಿಂದಿರುಗುವಾಗ ಬಿಡದಿಯಲ್ಲಿ ಟ್ರಾಕ್ಟರ್ ನಿಲ್ಲಿಸಿ ತಟ್ಟೆ ಇಡ್ಲಿ ತಿಂದೆವು. ಎಲ್ಲರ ಮುಖವೂ ಇಳಿದಿತ್ತು. ಅಲ್ಲೇ, ಚಟ್ನಿ ನೆಕ್ಕುತ್ತಾ, ನಮ್ಮ ಡೈರಿಯ ಅಧ್ಯಕ್ಷರು ಆ ಮಾತು ತೆಗೆದರು. ಅವರು ಅಪ್ಪನ ಜೊತೆಗಾರರು, ಒಳ್ಳೆಯ ರೈತರು, ಜೀವನದಲ್ಲಿ ಯಾರಿಗೂ ಕೆಟ್ಟದ್ದು ಬಯಸಿದವರಲ್ಲ.

“ಖಾಲಿ ಐತೆ ಅಂತಾನೆ ತಾನೇ ಅವ್ರು ಅನ್ನೋದು? ಉತ್ತು ರಾಗಿ ಹಾಕ್ಬುಡಾನ. ಪೈರು ನಿಂತಿರೋ ನೆಲಕ್ಕೆ ಯಾವನಾದ್ರೂ ಮಿಷನ್ ನುಗ್ಗಿಸ್ತಾನೇನ್ಲಾ?”

“ಅದೆಂಗೆ ನುಗ್ಗಿಸ್ತಾನೆ? ತೆನೆ ಮೇಲೆ ಕಾಲಿಡಾಕೆ ಯಾವನಿಗೆ ಮನಸ್ಸು ಬಂದಾತು?” ಎಂದ ಅಪ್ಪ.

ಇಡ್ಲಿ ಹೋಟೆಲಿನ ಮುಂದೆ ನಿಂತಿದ್ದ ಅಷ್ಟೂ ಜನ ತಲೆಯಾಡಿಸಿದರು. ನಾನೂ ಆಡಿಸಿದೆ. ನಮ್ಮೂರಿನಲ್ಲಿ ಎಂಥ ಕುಡುಕನಾದರೂ, ಎಂಥ ಹಗೆಯಿದ್ದರೂ, ಪೈರು ನಿಂತ ಹೊಲವನ್ನು ಬದುವಿನ ಮೇಲೇ ಸುತ್ತಿಕೊಂಡು ಹೋಗುತ್ತಿದ್ದ. ಲೋಕದಲ್ಲಿ ಎಲ್ಲರೂ ಹಾಗೆಯೇ ಎಂದು ನಾವು ತಿಳಿದಿದ್ದೆವು. ಬೇಸಾಯ ಮಾಡುವವರಲ್ಲದೆ ಇನ್ನಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ.

ಯುಗಾದಿ ಹತ್ತಿರ ಇತ್ತು. ಯುಗಾದಿಯಲ್ಲಿ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ವರ್ಷದ ಮೊದಲ ಉಳುಮೆ ಅದು. ಅಯ್ನೋರು ಪಂಚಾಂಗ ನೋಡಿ ಆ ವರ್ಷಕ್ಕೆ ಯಾರ ಹೆಸರು ಕೂಡಿ ಬರುತ್ತದೋ ಹೇಳುತ್ತಾರೆ. ಅವನು ಮುಂದಿನ ನೇಗಿಲು ಹಿಡಿಯಬೇಕು, ಊರಿನ ಮಿಕ್ಕ ನೇಗಿಲುಗಳೆಲ್ಲ ಅವನ ಹಿಂದೆ. ಮುಂದಿನ ನೇಗಿಲಿಗೆ ಕಟ್ಟುವ ಜೋಡಿಗೆ ಊನ ಇರಬಾರದು, ಮೈಮೇಲಿನ ಕೂದಲ ಸುಳಿ ಶುದ್ಧವಾಗಿರಬೇಕು, ಕೊಂಬು ಮುಕ್ಕಾಗಿರಬಾರದು. ಹೊನ್ನಾರನ್ನು ಯಾವಾಗಲೂ ದೇವಸ್ಥಾನದ ಪಕ್ಕದ ಹೊಲದಲ್ಲಿ ಕಟ್ಟುತ್ತಿದ್ದರು. ಆ ಸಲ ಗೋಮಾಳದಲ್ಲಿ ಕಟ್ಟುವುದೆಂದು ತೀರ್ಮಾನವಾಯಿತು. ಹೊನ್ನಾರು ಹೂಡಿದ ನೆಲವನ್ನು ದೇವರೇ ಕಾಯುತ್ತಾನೆ ಎಂಬ ನಂಬಿಕೆ ಒಂದು ಕಡೆ, ಪೇಪರಿನವರು ಬಂದು ಫೋಟೋ ಹಿಡಿಯುತ್ತಾರೆ ಎಂಬ ಆಸೆ ಇನ್ನೊಂದು ಕಡೆ.

ಪಂಚಾಂಗದಲ್ಲಿ ಹೆಸರು ಬಂದದ್ದು ಅಪ್ಪನದು.

ಮುಂದಿನ ಜೋಡಿಗೆ ಊರೆಲ್ಲ ಹುಡುಕಿದರು. ಆ ಹೊತ್ತಿಗೆ ಅರ್ಧ ಊರು ಟ್ರಾಕ್ಟರಿಗೆ ಬಿದ್ದಿತ್ತು, ಎತ್ತು ಉಳಿದಿದ್ದೇ ಕೆಲವು ಮನೆಗಳಲ್ಲಿ. ಒಂದಕ್ಕೆ ಕೊಂಬು ಮುರಿದಿತ್ತು, ಒಂದಕ್ಕೆ ಕಣ್ಣಿಗೆ ಹೂ ಬಿದ್ದಿತ್ತು, ಇನ್ನೊಂದು ಜೋಡಿಯಲ್ಲಿ ಎಡಗಡೆಯದು ಕುಂಟುತ್ತಿತ್ತು. ಊನವಿಲ್ಲದ ಜೋಡಿ ಇಡೀ ಊರಿಗೆ ಒಂದೇ ಇತ್ತು. ಅತ್ತೆಯ ಹಳ್ಳಿಕಾರ್ ಎತ್ತುಗಳು. ಅವಳ ಕೈಯಲ್ಲೇ ಹುಟ್ಟಿ, ಗೋಮಾಳದ ಹುಲ್ಲನ್ನೇ ತಿಂದು ಬೆಳೆದವು. ಅಪ್ಪನ ಹೊಲ ಉಳುತ್ತಿದ್ದದ್ದು ಅವೇ, ಆದರೆ ಎತ್ತುಗಳ ಮೇಲಿನ ಅಧಿಕಾರವೆಲ್ಲ ಅವಳದು. ಅವಳು ಬೇಡವೆಂದರೆ ಅಪ್ಪ ಹಗ್ಗ ಮುಟ್ಟುತ್ತಿರಲಿಲ್ಲ.

ಅಧ್ಯಕ್ಷರು, ಅಪ್ಪ, ಊರಿನ ನಾಲ್ಕು ಜನ ನಮ್ಮ ಮನೆ ಜಗಲಿಗೆ ಬಂದು ಕೂತು ಕೇಳಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು.

“ಗೋಮಾಳ ಉತ್ತ ಮೇಲೆ ಹಸ ಎಲ್ಲಿಗೋಗ್ಬೇಕ್ಲಾ?” ಎಂದಳು ಅಪ್ಪನನ್ನೇ ನೋಡಿ.

“ಒಂದ್ ವರ್ಸ ಅಕ್ಕ. ಒಂದ್ ವರ್ಸ ಕಟ್ಟಿ ಮೇಯ್ಸಾನ. ಜಾಗ ಉಳಿದ್ರೆ ಆಮೇಲೆ ಹುಲ್ಲು ತಾನಾಗೇ ಬತ್ತದೆ.”

“ನೇಗಿಲು ಬಿದ್ದ ಗೋಮಾಳ ತಿರ್ಗಾ ಗೋಮಾಳ ಆಗಿದ್ದು ನಾನಂತೂ ಕಾಣೆ.”

ಅಧ್ಯಕ್ಷರು ಕೈಮುಗಿದರು. “ಅಕ್ಕಯ್ಯ, ಊರಿನ ಮಾತು ಕಣಕ್ಕ. ನಿಮ್ಮ ಜೋಡಿ ಇಲ್ದಿದ್ರೆ ಹೊನ್ನಾರೇ ಇಲ್ಲ.”

ಅವಳನ್ನು ಊರು ಅಲ್ಲಿಯವರೆಗೆ ಯಾವುದಕ್ಕೂ ಕೇಳಿದ್ದಿಲ್ಲ. ಮದುವೆ ಚಪ್ಪರದ ಕೆಳಗೆ ಅವಳು ಹಿಂದೆಯೇ ನಿಲ್ಲಬೇಕಿತ್ತು, ಆರತಿ ತಟ್ಟೆ ಮುಟ್ಟುವಂತಿರಲಿಲ್ಲ. ಈಗ ಊರಿಗೆ ಊರೇ ಬಂದು ಕೈಮುಗಿದು ನಿಂತಿತ್ತು. ಅದಕ್ಕೆ ಅವಳು ಸೋತಳೋ, ತಮ್ಮನ ಮುಖ ನೋಡಿ ಸೋತಳೋ ನನಗೆ ತಿಳಿಯದು. ಎಲೆ ಮಡಿಸಿ ಬಾಯಿಗಿಟ್ಟುಕೊಂಡು, “ತಕ್ಕೊಂಡೋಗಿ,” ಎಂದಳು.

ಹಬ್ಬದ ಬೆಳಿಗ್ಗೆ ಎತ್ತುಗಳ ಮೈ ತೊಳೆದವಳು ಅವಳೇ. ಕೊಂಬಿಗೆ ಬಣ್ಣ ಹಚ್ಚಿದಳು, ಕೊರಳಿಗೆ ಗೆಜ್ಜೆ ಕಟ್ಟಿದಳು. ಅಪ್ಪ ಬಿಳಿ ಪಂಚೆ ಉಟ್ಟು, ತಲೆಗೆ ಟವಲು ಸುತ್ತಿ ನೇಗಿಲು ಹಿಡಿದ. ಹಿಂದೆ ಉಳಿದ ನೇಗಿಲುಗಳು, ಅವುಗಳ ಹಿಂದೆ ಮಾವಿನ ಸೊಪ್ಪು ಕಟ್ಟಿದ ಟ್ರಾಕ್ಟರುಗಳು. ತಮಟೆ ಬಡಿಯುತ್ತಿತ್ತು. ಪೇಪರಿನವನು ನಿಜಕ್ಕೂ ಒಬ್ಬ ಬಂದಿದ್ದ. ಗೋಮಾಳದ ಬಿರುಸು ನೆಲಕ್ಕೆ ನೇಗಿಲಿನ ಗುಳ ಇಳಿದಾಗ ಮೊದಮೊದಲು ಕರಕರ ಎಂದಿತು, ಆಮೇಲೆ ಬೇರು ಕಿತ್ತು ಕೆಂಪು ಮಣ್ಣು ಮಗುಚಿಕೊಂಡಿತು. ಊರೆಲ್ಲ ಹೋ ಎಂದು ಕೂಗಿತು. ಅತ್ತೆ ತನ್ನ ಬಂಡೆಯ ಮೇಲೆ ಕೂತೇ ನೋಡುತ್ತಿದ್ದಳು. ಎತ್ತುಗಳು ಅವಳ ಎದುರಿಗೆ ಬಂದಾಗ ಅಭ್ಯಾಸದ ಮೇಲೆ ಅಲ್ಲಿ ನಿಂತುಬಿಟ್ಟವು. ಅಪ್ಪ ಚಾಟಿ ಎತ್ತಲಿಲ್ಲ. ಅವಳೇ, “ನಡೀರಿ, ನಡೀರಿ,” ಎಂದು ಅವುಗಳನ್ನು ಮುಂದಕ್ಕೆ ಕಳಿಸಿದಳು.

ಮಳೆ ಆ ವರ್ಷ ಚೆನ್ನಾಗಿ ಬಂತು. ಹೊಸ ನೆಲ, ವರ್ಷವರ್ಷಗಳ ಸಗಣಿ ಗಂಜಲ ಕುಡಿದ ನೆಲ. ರಾಗಿ ಸೊಂಟದೆತ್ತರ ಬೆಳೆಯಿತು. ಸಾಲಿನ ನಡುವೆ ಅವರೆ ಹಬ್ಬಿತು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಸುಳ್ಳು ಹೇಳುವುದಿಲ್ಲ, ನನಗೂ ಹೆಮ್ಮೆಯಾಗುತ್ತಿತ್ತು. ಈಗ ಅಂದುಬಿಡಲಿ ನೋಡೋಣ ಖಾಲಿ ಎಂದು, ಅಂದುಕೊಳ್ಳುತ್ತಿದ್ದೆ.

ಆದರೆ ದನಗಳು ಕೊಟ್ಟಿಗೆಯಲ್ಲಿ ನಿಂತವು. ಪೈರಿಗೆ ಬಾಯಿ ಹಾಕುತ್ತವೆಂದು ಊರಿನವರೇ ಗೋಮಾಳಕ್ಕೆ ಮುಳ್ಳು ಬೇಲಿ ಎಳೆದಿದ್ದರು. ಉಳುವುದಕ್ಕೆ ಸುಲಭವಾಗಲಿ ಎಂದು ಮನೆಗೊಂದು ಪಟ್ಟಿ ಹಂಚಿಕೊಂಡಿದ್ದು, ಕಳೆ ತೆಗೆಯುವ ಹೊತ್ತಿಗೆ ‘ನನ್ನ ಪಟ್ಟಿ, ನಿನ್ನ ಪಟ್ಟಿ’ ಆಗಿತ್ತು. ಅವನ ಸಾಲು ನನ್ನ ಕಡೆಗೆ ಬಂದಿದೆ, ಇವಳು ನನ್ನ ಅವರೆ ಕಿತ್ತಳು ಎಂಬ ದೂರುಗಳು ಡೈರಿಯ ಸಾಲಿಗೇ ಬರತೊಡಗಿದವು. ಒಂದೇ ಬೆಂಚಿನ ಮೇಲೆ ಕೂತಿದ್ದ ಅಣ್ಣತಮ್ಮಂದಿರು ಮತ್ತೆ ಮಾತು ಬಿಟ್ಟರು. ಹಾಲೂ ಇಳಿಯಿತು. ಕತ್ತಿನವರೆಗೆ ತುಂಬುತ್ತಿದ್ದ ಕ್ಯಾನುಗಳಲ್ಲಿ ನಾನು ಬಗ್ಗಿ ನೋಡಬೇಕಾಯಿತು. ಅತ್ತೆ ಬದುವಿನ ಹುಲ್ಲು ಕುಯ್ದು, ಕೆರೆ ಅಂಗಳದ ಸೊಪ್ಪು ತಂದು, ಹೊರೆ ಹೊತ್ತು ಹೊತ್ತು ಹೈರಾಣಾದಳು. ದೀಪಾವಳಿಗೆ ಮುಂಚೆಯೇ ಎರಡು ಹಸುಗಳನ್ನು ಮಾರಿದಳು. ಡೈರಿಗೆ ಬಂದರೆ ಗಾಜಿನ ಕಡ್ಡಿಯನ್ನು ಬಯ್ಯುವುದನ್ನೂ ಬಿಟ್ಟಿದ್ದಳು. ನಾನೇ ಕೆಣಕಿ, “ಯಾಕತ್ತೆ, ಇವತ್ತು ಜಗಳ ಇಲ್ವಾ?” ಎಂದರೆ, “ಜಗಳಾಡಾಕೆ ಹಾಲಿರ್ಬೇಕಲ್ಲವ್ವ,” ಎಂದಳು.

ತೆನೆ ಕಟ್ಟುವ ಹೊತ್ತಿಗೆ ಸ್ಥಳ ತನಿಖೆಗೆ ಬಂದರು. ಈ ಸಲ ಬೇರೆ ಸಾಹೇಬರು. ನಾವೆಲ್ಲ ಹುರುಪಿನಿಂದ ಹೋಗಿ ರಾಗಿಯ ಮುಂದೆ ನಿಂತೆವು. ಅಧ್ಯಕ್ಷರು ಒಂದು ತೆನೆ ಬಾಗಿಸಿ ತೋರಿಸಿದರು. ಸಾಹೇಬರು ಸುತ್ತ ಕಣ್ಣಾಡಿಸಿ, “ಇದು ಗೋಮಾಳ ಅಂತ ಅರ್ಜಿ ಕೊಟ್ಟಿದ್ದು ನೀವೇ ಅಲ್ವಾ? ಮೇಯೋ ದನ ಎಲ್ಲಿವೆ?” ಎಂದು ಕೇಳಿದರು.

“ಕೊಟ್ಟಿಗೇಲಿ ಕಟ್ಟಿದ್ದೀವಿ ಸ್ವಾಮಿ, ಪೈರು ತಿಂದ್ಬುಡ್ತವೆ ಅಂತ.”

“ಹಾಗಾದ್ರೆ ದನ ಮೇಯೋದು ಇಲ್ಲಿಲ್ಲ. ಬೇಲಿ ನೀವೇ ಹಾಕಿದ್ದೀರಿ, ಸರ್ಕಾರದ ಜಾಗ ನೀವೇ ಉತ್ತಿದ್ದೀರಿ. ಇದಕ್ಕೆ ಒತ್ತುವರಿ ಅಂತಾರೆ.”

ಅಧ್ಯಕ್ಷರು ಬಾಗಿಸಿ ಹಿಡಿದಿದ್ದ ತೆನೆಯನ್ನು ಬಿಟ್ಟರು. ನಮ್ಮ ಹಸುಗಳು ಅಲ್ಲೇ ಇವೆ ಎಂದು ಆವತ್ತು ಆಫೀಸಿನ ಬಾಗಿಲಲ್ಲಿ ಅತ್ತೆ ಹೇಳಿದ ಒಂದೇ ಮಾತು ನಮಗಿದ್ದ ಸಾಕ್ಷಿಯಾಗಿತ್ತು. ಅದನ್ನು ನಾವೇ ಉತ್ತು ಹಾಕಿದ್ದೆವು.

ಮಿಷನ್ನುಗಳು ಬಂದಾಗ ರಾಗಿ ಕಟಾವಿಗೆ ಬಂದಿತ್ತು. ಇನ್ನೊಂದು ವಾರ ಕೊಡಿ, ಕುಯ್ದುಕೊಳ್ಳುತ್ತೇವೆ ಎಂದು ಅಧ್ಯಕ್ಷರು ಬೇಡಿದರು. ಜೊತೆಗೆ ಬಂದಿದ್ದ ಪೊಲೀಸಿನವರಲ್ಲಿ ಒಬ್ಬರು ವಯಸ್ಸಾದವರು, ಮಂಡ್ಯ ಕಡೆಯವರಿರಬೇಕು, ತೆನೆ ಮುಟ್ಟಿ ನೋಡಿ ಮುಖ ಬೇರೆ ಕಡೆಗೆ ತಿರುಗಿಸಿಕೊಂಡರು. ಆದರೆ ಹೊರಡಿಸಿದ ಆರ್ಡರು ಅವರದಾಗಿರಲಿಲ್ಲ. ಮೊದಲ ಮಿಷನ್ನು ಬೇಲಿ ಮುರಿದು ಒಳಕ್ಕೆ ನುಗ್ಗಿತು. ತೆನೆ ಮೇಲೆ ಕಾಲಿಡಲು ಯಾರಿಗೂ ಮನಸ್ಸು ಬರುವುದಿಲ್ಲ ಎಂದು ನಂಬಿದ್ದ ಅಷ್ಟೂ ಗಂಡಸರು ಅಲ್ಲಾಡದೆ ನಿಂತಿದ್ದರು. ಅವರಿಗೆ ಸಿಟ್ಟು ಕೂಡ ಬಂದಂತಿರಲಿಲ್ಲ. ಕಣ್ಣೆದುರು ನಡೆಯುತ್ತಿದ್ದದ್ದು ಏನೆಂದೇ ಅವರಿಗೆ ಅರ್ಥವಾಗಲಿಲ್ಲ.

ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಡುಗೋಲು ಹಿಡಿದು ಮಿಷನ್ನಿನ ಮುಂದಕ್ಕೆ ಹೋದಳು. ತಡೆಯಲು ಹೋಗುತ್ತಿದ್ದಾಳೆ ಎಂದು ನಾನು ಕಿರುಚಿದೆ. ಅವಳು ತಡೆಯಲಿಲ್ಲ. ಬಗ್ಗಿ ರಾಗಿ ಕುಯ್ಯತೊಡಗಿದಳು. ಹಿಂದೆ ಮಿಷನ್ನು, ಮುಂದೆ ಇವಳು. ಅವಳನ್ನು ನೋಡಿ ಅವ್ವ ಹೋದಳು, ನಾನು ಹೋದೆ, ಊರಿನ ಹೆಂಗಸರೆಲ್ಲ ಇಳಿದೆವು. ಯಾರ ಪಟ್ಟಿ ಎಂದು ಯಾರೂ ನೋಡಲಿಲ್ಲ. ಕೈಗೆ ಸಿಕ್ಕಿದ್ದನ್ನು ಕುಯ್ದು ಹಿಂದಕ್ಕೆ ಎಸೆದೆವು. ಗಂಡಸರು ಆಗ ಎಚ್ಚರವಾದವರಂತೆ ಬಂದು ಬಾಚಿಕೊಂಡರು. ಡ್ರೈವರು ಮಿಷನ್ನನ್ನು ಆದಷ್ಟು ನಿಧಾನ ಮಾಡಿದ. ಆ ನೆಲವನ್ನು ಉಳಬೇಡಿ ಎಂದವಳು ಅವಳೊಬ್ಬಳೇ, ಅದರ ಬೆಳೆಗಾಗಿ ಮೊದಲು ಇಳಿದವಳೂ ಅವಳೇ. ನಾವು ಉಳಿಸಿಕೊಂಡದ್ದು ಕೆಲವು ಹೊರೆ.

ಆಮೇಲಿನದು ಬೇಗ ಬೇಗ ಆಗಿಹೋಯಿತು. ಕಾಂಪೌಂಡು ಎದ್ದಿತು, ಗೋಡೌನು ಎದ್ದಿತು. ಅತ್ತೆಯ ಬಂಡೆಯನ್ನು ಸಿಡಿಸಿದ ಸದ್ದಿಗೆ ನಮ್ಮ ಅಡುಗೆಮನೆಯ ಪಾತ್ರೆಗಳು ಅಲುಗಿದವು. ಒಲೆಯ ಮುಂದೆ ಕೂತಿದ್ದ ಅವಳು ಇನ್ನೊಂದು ಸೌದೆ ಒಳಕ್ಕೆ ತಳ್ಳಿದಳು. ಮೇವಿಲ್ಲದೆ ಒಬ್ಬೊಬ್ಬರೇ ದನ ಮಾರಿದರು. ಎತ್ತುಗಳನ್ನು ಅಪ್ಪ ಯಾರಿಗೆ ಕೊಟ್ಟ ಎಂದು ಅತ್ತೆಗೆ ಹೇಳಲಿಲ್ಲ, ಅವಳು ಆ ದಿನ ಬೇಕೆಂದೇ ನೆಂಟರ ಮನೆಗೆ ಹೋಗಿದ್ದಳು. ಹಾಲು ಸಾಲದೆ ವ್ಯಾನು ನಮ್ಮೂರಿನ ಒಳಕ್ಕೆ ಬರುವುದನ್ನು ನಿಲ್ಲಿಸಿತು, ಡೈರಿಗೆ ಬೀಗ ಬಿತ್ತು. ಊರಿನವರಿಗೆ ಕೆಲಸ ಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು, ಕೊಟ್ಟರು. ನನಗೂ ಸಿಕ್ಕಿತು. ಕೊರಳಿಗೆ ಫೋಟೋ ಕಾರ್ಡು ನೇತುಹಾಕಿಕೊಂಡು, ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ. ಊಟದ ಹೊತ್ತಿನಲ್ಲಿ ಆ ತಗಡಿನ ಮಾಡಿನ ಕೆಳಗೆ ನಿಂತು, ಕಟ್ಟೆ ಎಲ್ಲಿತ್ತು, ಬಂಡೆ ಎಲ್ಲಿತ್ತು ಎಂದು ಲೆಕ್ಕ ಹಾಕುತ್ತಿದ್ದೆ. ಸಿಮೆಂಟು ನೆಲದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ಗೇಟಿನ ಒಳಗೆ ಆಫೀಸಿನ ಮುಂದೆ ಕಂಪನಿಯವರು ಹುಲ್ಲು ಬೆಳೆಸಿದ್ದರು. ಬೆಳಿಗ್ಗೆ ಸಂಜೆ ಅದಕ್ಕೆ ನೀರು, ವಾರಕ್ಕೊಮ್ಮೆ ಕಟಿಂಗು, ಪಕ್ಕದಲ್ಲಿ ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಬೋರ್ಡು. ತೆನೆಯ ಮೇಲೆ ಮಿಷನ್ನು ಓಡಿಸಿದ ಜಾಗದಲ್ಲಿ ಆ ಬೋರ್ಡು ಓದಿ ನನಗೆ ಮೊದಲ ದಿನ ನಗು ಬಂತು, ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ.

ಹೀಗಿದ್ದರೂ ಮನೆಯಲ್ಲಿ ಅತ್ತೆಯ ಒಂದು ಕೆಂದ ಹಸು ಉಳಿದಿತ್ತು. ಅದನ್ನು ಮಾರಲು ಅವಳಿಗೆ ಕೈ ಬಂದಿರಲಿಲ್ಲ. ಬೇಸಿಗೆಯಲ್ಲಿ ಅದರ ಪಕ್ಕೆಲುಬು ಕಾಣತೊಡಗಿತು. ಕಟಿಂಗು ಮಾಡಿದ ಹುಲ್ಲನ್ನು ಹೊರಗೆ ಸುರಿಯುವುದನ್ನು ನೋಡಿದ್ದ ನಾನು ಒಂದು ದಿನ ಗೇಟಿನ ಸೆಕ್ಯುರಿಟಿಯವನನ್ನು ಕೇಳಿ, ಒಂದು ಚೀಲಕ್ಕೆ ತುಂಬಿಕೊಂಡು ಮನೆಗೆ ತಂದೆ. ಅತ್ತೆ ಏನೆನ್ನುತ್ತಾಳೋ ಎಂದು ಅಳುಕಿತ್ತು. ಹಸು ಮೂಸಿ ನೋಡಿ ಬಿಡುತ್ತದೆಯೇನೋ ಎಂದೂ ಅನ್ನಿಸಿತ್ತು.

ಹಸು ಬಿಡಲಿಲ್ಲ. ಗಬಗಬ ತಿಂದಿತು. ಬಾಯಿ ತುಂಬ ತುಂಬಿಕೊಂಡು, ಕಿವಿ ಆಡಿಸುತ್ತಾ, ಚೀಲದ ತಳದವರೆಗೂ ತಿಂದಿತು. ಅತ್ತೆ ಅದರ ಬೆನ್ನಿನ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದಳು.

“ಎಲ್ಲೀದವ್ವ ಇದು?”

ನಾನು ಹೇಳಿದೆ.

“ನಮ್ಮ ಹುಲ್ಲೇ ಅನ್ನು. ಗೇಟಿನೋನ ಕೇಳ್ಕೊಂಡು ತರಂಗಾಯ್ತು.” ಖಾಲಿ ಚೀಲ ಕೊಡವಿ ಮಡಿಸಿ, “ನಾಳಿಂದ ತರ್ಬೇಡ ಮಗಾ,” ಎಂದಳು.

ಆ ತಿಂಗಳೇ ಕೆಂದ ಹಸುವನ್ನೂ ಕಳಿಸಿಬಿಟ್ಟಳು. ಕೊಟ್ಟಿಗೆಯಲ್ಲಿ ಈಗ ಹಳೆಯ ಸೈಕಲ್ಲು, ಗೊಬ್ಬರದ ಖಾಲಿ ಚೀಲ, ಬಣ್ಣ ಹೋದ ನೊಗ. ಸಂಜೆ ಹಾಲು ಕರೆಯುವ ಹೊತ್ತಾದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದು, ನೋಡಿ, ಮುಚ್ಚಿ ಬರುತ್ತಿದ್ದಳು. ಅವಳನ್ನು ಹಾಗೆ ನೋಡುವುದು ನನ್ನಿಂದಾಗುತ್ತಿರಲಿಲ್ಲ, ಏನಾದರೊಂದು ನೆಪ ತೆಗೆದು ಅಂಗಡಿಗೆ ಹೋಗುತ್ತಿದ್ದೆ.

ಹೊನ್ನಾರು ಆ ವರ್ಷಕ್ಕೇ ನಿಂತುಹೋಯಿತು. ಎತ್ತೂ ಇರಲಿಲ್ಲ, ಯಾರಿಗೂ ಆ ಮಾತೆತ್ತುವ ಧೈರ್ಯವೂ ಇರಲಿಲ್ಲ. ಅಪ್ಪ ಅದಾದ ಮೇಲೆ ಗೋಮಾಳದ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ಕೆಲವು ವರ್ಷಗಳ ನಂತರ ಒಂದು ಯುಗಾದಿಯ ದಿನ, ಎಣ್ಣೆ ಸ್ನಾನ ಮುಗಿಸಿ, ಬೇವು ಬೆಲ್ಲ ತಿಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಗೋಡೌನಿಗೆ ಹಬ್ಬದ ರಜೆ, ಲಾರಿಗಳ ಸದ್ದಿರಲಿಲ್ಲ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ಅಪ್ಪನನ್ನು ಕೇಳಿದಳು.

“ಲೋ, ಆವತ್ತು ನಾನು ಎತ್ತು ಕೊಡಲ್ಲ ಅಂದಿದ್ರೆ ನೀನು ಗೋಮಾಳ ಉಳ್ತಿರ್ಲಿಲ್ಲ, ಅಲ್ವಾ?”

ಅವಳು ಇಷ್ಟು ವರ್ಷ ಒಳಗೇ ಇಟ್ಟುಕೊಂಡು ತಿರುಗಿದ್ದು ಇದನ್ನೇ ಎಂದು ನನಗೆ ಆಗ ತಿಳಿಯಿತು. ಊರಿನ ಮೇಲಲ್ಲ, ಸಾಹೇಬರ ಮೇಲಲ್ಲ, ತಮ್ಮನ ಮೇಲೂ ಅಲ್ಲ. ತಪ್ಪನ್ನೆಲ್ಲ ಅವಳು ಎತ್ತು ಕೊಟ್ಟ ತನ್ನ ಮೇಲೆ ಹೊರಿಸಿಕೊಂಡಿದ್ದಳು.

ಅಪ್ಪ ತಲೆ ಎತ್ತದೆ, ಪಂಚೆಯ ಅಂಚನ್ನು ಮಡಿಸುತ್ತಾ ಹೇಳಿದ. “ಉಳ್ದೇ ಎಲ್ಲೋಯ್ತೀನಿ ಅಕ್ಕ. ನೀನು ಕೊಡ್ದಿದ್ರೆ ಬ್ಯಾರೇರ ಜೋಡಿ ಕಟ್ಕೊಂಡು ಉಳ್ತಿದ್ದೆ.”

“ಅಂಗಂತೀಯಾ?”

“ಹೂಂ. ಎತ್ತಿಗೇನು ಬರಾನಾ ಆಗ ಊರಾಗೆ.”

ಅವಳು ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. “ಅಂಗಾದ್ರೆ ಸರಿ ಬುಡು,” ಎಂದಳು.

ಅವ್ವ ಒಳಗಿಂದ ಊಟಕ್ಕೆ ಕರೆದಳು. ಯಾರೂ ಏಳಲಿಲ್ಲ. ಊನವಿಲ್ಲದ ಬೇರೆ ಜೋಡಿ ಆವತ್ತು ಊರಿನಲ್ಲಿ ಇರಲಿಲ್ಲ. ಅದು ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಎಲೆ ಅಗಿಯುತ್ತಾ ಗೋಡೌನಿನ ಗೋಡೆಯ ಕಡೆ ನೋಡುತ್ತಿದ್ದ ಅತ್ತೆಗೂ ಗೊತ್ತಿತ್ತು.